ಪ್ರೇಮಚಿತ್ರ ಒಲ್ಲದವರ ಪ್ರೇಮಚಿತ್ರ: ನಿಜಕ್ಕೂ ಬೇರೆಯೇ?

"ಲವ್ ಸ್ಟೋರಿನಾ? ನೀವು ಹೋಗ್ಬನ್ನಿ, ನಾನು ಬರಲ್ಲ" ಎನ್ನುವವರು ಮನೆಗೊಬ್ಬರಾದರೂ ಇರುತ್ತಾರೆ. ಪಕ್ಕದಲ್ಲಿ ಕೂರಿಸಿಕೊಂಡು ಕೆದಕಿದರೆ ಎರಡು ಮೂರು ಪ್ರೇಮಚಿತ್ರಗಳ ಹೆಸರು ಅವರ ಬಾಯಿಂದಲೂ ಬರುತ್ತದೆ. ಜೊತೆಗೇ "ಅದು ಬೇರೆ ಥರ ಬಿಡಿ" ಎಂಬ ಸಮಜಾಯಿಷಿ. ಆ 'ಬೇರೆ ಥರ' ನಿಜಕ್ಕೂ ಬೇರೆಯೇ? ಹೌದು ಎನ್ನುವವರೊಬ್ಬರು, ಅಲ್ಲ ಎನ್ನುವವರೊಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ಬೇರೆಯೇ, ಅನುಮಾನ ಬೇಡ

ನನಗೆ ಪ್ರೀತಿಯ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಹುಡುಗಿಯ ಬೆನ್ನು ಬಿದ್ದ ಹೀರೊ ಮೇಲೆ. ಅವಳು ಬೇಡ ಎನ್ನುತ್ತಾಳೆ, ಅವನು ಬಿಡುವುದಿಲ್ಲ. ಮತ್ತೆ ಬೇಡ ಎನ್ನುತ್ತಾಳೆ, ಗೆಳೆಯರು ಟೀ ಅಂಗಡಿಯಲ್ಲಿ ಅವನಿಗೆ ಧೈರ್ಯ ತುಂಬುತ್ತಾರೆ. ಇಂಟರ್‌ವಲ್ ಹೊತ್ತಿಗೆ ಅವಳಿಗೆ ಒಲವು ಹುಟ್ಟಿರುತ್ತದೆ. ಯಾಕೆ ಹುಟ್ಟಿತು ಎಂದು ಕೇಳುವಷ್ಟರಲ್ಲಿ ಹಾಡು ಶುರು. ಅವನಿಗೆ ಕೆಲಸವಿಲ್ಲ, ಮನೆ ಬಾಡಿಗೆಯ ಚಿಂತೆಯೂ ಇಲ್ಲ. ಅವಳಿಗಂತೂ ಅವನನ್ನು ಒಪ್ಪುವುದು, ಇಲ್ಲವೇ ಒಪ್ಪದಿರುವುದು ಬಿಟ್ಟರೆ ಬದುಕಿನಲ್ಲಿ ಬೇರೆ ಕಸುಬೇ ಇದ್ದಂತಿಲ್ಲ. ಇದನ್ನು ಒಲ್ಲೆ ಎಂದವರನ್ನು ಅರಸಿಕರ ಪಟ್ಟಿಗೆ ಸೇರಿಸುವುದು ಅನ್ಯಾಯ.

ಅಂಥವರಿಗೆ ನಾನು ಮೊದಲು ತೋರಿಸುವುದು 1995ರ 'ಬೆಳದಿಂಗಳ ಬಾಲೆ'. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯನ್ನು ಸುನೀಲ್ ಕುಮಾರ್ ದೇಸಾಯಿ ಕನ್ನಡಕ್ಕೆ ತಂದ ಚಿತ್ರ. ನಾಯಕ ರೇವಂತ್ (ಅನಂತ್‌ನಾಗ್) ಚೆಸ್ ಆಟಗಾರ, ಗ್ರ್ಯಾಂಡ್‌ಮಾಸ್ಟರ್. ಅವನಿಗೊಂದು ಫೋನ್ ಬರುತ್ತದೆ. ಆ ಕಡೆ ಒಬ್ಬ ಹೆಣ್ಣುಮಗಳು. ತನ್ನನ್ನು ಕಂಡುಹಿಡಿ ನೋಡೋಣ ಎಂದು ಸವಾಲು ಹಾಕಿ, ಸುಳಿವು ಕೊಡುತ್ತಾ ಹೋಗುತ್ತಾಳೆ. ಇಡೀ ಚಿತ್ರದಲ್ಲಿ ಅವಳ ಮುಖ ನಮಗೆ ಕಾಣುವುದೇ ಇಲ್ಲ. ನಾಯಕಿಯ ಮುಖವನ್ನೇ ಪೋಸ್ಟರ್‌ಗೆ ಹಾಕಿ ಟಿಕೆಟ್ ಮಾರುವ ಉದ್ಯಮದಲ್ಲಿ ಇದು ಎಂಥ ಎದೆಗಾರಿಕೆ! ಅವಳು ಬೆಳ್ಳಗಿದ್ದಾಳೋ ಕಪ್ಪಗಿದ್ದಾಳೋ, ಉಟ್ಟಿದ್ದೇನು, ನಡೆಯುವುದು ಹೇಗೆ, ಒಂದೂ ಗೊತ್ತಾಗದೆ ಅನಂತ್‌ನಾಗ್ ಬರೀ ರಿಸೀವರ್ ಹಿಡಿದುಕೊಂಡು ಪ್ರೀತಿಯಲ್ಲಿ ಬೀಳಬೇಕು. ಬೀಳುತ್ತಾರೆ, ನಮ್ಮನ್ನೂ ಬೀಳಿಸುತ್ತಾರೆ. ಕಿವಿಗೆ ಒತ್ತಿಕೊಂಡ ಆ ಫೋನು, ಮಾತಿನ ನಡುವಿನ ಮೌನ, ಎದುರಿಗಿಲ್ಲದವಳಿಗೆ ಕೊಟ್ಟ ಕಿರುನಗೆ: ಪ್ರೇಮಚಿತ್ರಕ್ಕೆ ಇಷ್ಟು ಸಾಕು ಎಂದು ಗೊತ್ತಾದದ್ದೇ ಆಗ. ಒಬ್ಬರನ್ನೊಬ್ಬರು ನೋಡದೆ ಬೆಳೆಯುವ ಒಲವನ್ನು 'ದಿ ಲಂಚ್‌ಬಾಕ್ಸ್' 2013ರಲ್ಲಿ ಮುಂಬೈ ಡಬ್ಬಾವಾಲಾಗಳ ಮೂಲಕ ಹೇಳಿದಾಗ ಲೋಕವೇ ತಲೆದೂಗಿತು. ನಾವು ಹದಿನೆಂಟು ವರ್ಷ ಮೊದಲೇ ನೋಡಿದ್ದೆವು, ಹೇಳಿಕೊಳ್ಳಲಿಲ್ಲ ಅಷ್ಟೇ.

ಎರಡನೆಯದು 'ಒಂದು ಮೊಟ್ಟೆಯ ಕಥೆ', 2017ರದ್ದು. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನನಿಗೆ ತಲೆಯಲ್ಲಿ ಕೂದಲಿಲ್ಲ, ಆದ್ದರಿಂದ ಹುಡುಗಿ ಸಿಗುತ್ತಿಲ್ಲ. ರಾಜ್ ಬಿ. ಶೆಟ್ಟಿ ತಾವೇ ನಿರ್ದೇಶಿಸಿ ತಾವೇ ಆ ಬೋಳುತಲೆ ಹೊತ್ತು ನಿಂತರು. ಇಲ್ಲಿ ಹೀರೊ ಪೂರ್ತಿ ಬಡಪಾಯಿಯೂ ಅಲ್ಲ. ತನ್ನ ತಲೆಯನ್ನು ಲೋಕ ನೋಡುವ ರೀತಿಗೆ ನೊಂದುಕೊಳ್ಳುವವನೇ ಎದುರಿನ ಹುಡುಗಿಯ ರೂಪ ತೂಗಲು ಕೂರುತ್ತಾನೆ. ಅವನ ಆ ಸಣ್ಣತನವನ್ನು ಚಿತ್ರ ಮುಚ್ಚಿಡುವುದಿಲ್ಲ. ಮಾಮೂಲಿ ಪ್ರೇಮಕಥೆ ತನ್ನ ನಾಯಕನಿಗೆ ಇಂಥ ಕನ್ನಡಿ ಹಿಡಿದದ್ದನ್ನು ನಾನಂತೂ ನೋಡಿಲ್ಲ.

ಇನ್ನು ಹೇಮಂತ್ ರಾವ್. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಮೇಲ್ನೋಟಕ್ಕೆ ಕಾಣೆಯಾದ ತಂದೆಯನ್ನು ಮಗ ಹುಡುಕುವ ಕಥೆ. ನನ್ನ ಲೆಕ್ಕದಲ್ಲಿ ಅದು ಪ್ರೇಮಚಿತ್ರ. ಮರೆವಿನ ಕಾಯಿಲೆ ವೆಂಕೋಬ ರಾಯರಿಂದ ಒಂದೊಂದಾಗಿ ಎಲ್ಲವನ್ನೂ ಕಸಿದುಕೊಂಡರೂ, ತೀರಿಹೋದ ಹೆಂಡತಿ ಪುಷ್ಪಾಳನ್ನು ಮಾತ್ರ ಅವರು ಬಿಟ್ಟುಕೊಡುವುದಿಲ್ಲ. ಅದೇ ನಿರ್ದೇಶಕರ 'ಸಪ್ತ ಸಾಗರದಾಚೆ ಎಲ್ಲೋ' 2023ರ ಸೆಪ್ಟೆಂಬರ್ 1ರಂದು ಬಂತು. ಕಾರು ಡ್ರೈವರ್ ಮನು, ಹಾಡುಗಾರ್ತಿಯಾಗುವ ಆಸೆಯ ಪ್ರಿಯಾ. ಸ್ವಂತ ಮನೆಯ ಕನಸಿಗೆ ದುಡ್ಡು ಬೇಕು. ಮಾಲೀಕನ ಮಗ ಮಾಡಿದ ಅಪಘಾತದ ತಪ್ಪನ್ನು ಮನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಪ್ರೀತಿಯ ಎದುರಾಳಿ ಖಳನಾಯಕನಲ್ಲ, ಹುಡುಗಿಯ ಅಪ್ಪನೂ ಅಲ್ಲ. ಪೊಲೀಸ್ ಠಾಣೆ, ವಕೀಲರು, ಕೋರ್ಟು, ಜೈಲಿನ ಭೇಟಿ. ಬಡವರ ಪ್ರೀತಿಗೆ ನಮ್ಮ ಊರುಗಳಲ್ಲಿ ಅಡ್ಡಬರುವುದು ಬಹುಪಾಲು ಇಂಥವೇ.

'ನಾತಿಚರಾಮಿ'ಯನ್ನು (2018) ಹೆಸರಿಸದೆ ಮುಗಿಸಲಾರೆ. ಗಂಡನನ್ನು ಕಳೆದುಕೊಂಡ ಗೌರಿಯ ಮನಸ್ಸು ಅವನಲ್ಲೇ ನೆಟ್ಟಿದೆ, ದೇಹ ಬೇರೆಯದನ್ನು ಕೇಳುತ್ತಿದೆ. ಮಂಸೋರೆ ಇದನ್ನು ತೀರ್ಪು ಕೊಡದೆ ತೋರಿಸಿದರು, ಶ್ರುತಿ ಹರಿಹರನ್ ಅಷ್ಟೇ ಸಂಯಮದಿಂದ ಅಭಿನಯಿಸಿದರು. ಮರ ಸುತ್ತುವ ಡ್ಯೂಯೆಟ್ಟಿನಲ್ಲಿ ಈ ಗೌರಿಗೆ ಜಾಗವೆಲ್ಲಿದೆ? ಜಾಗವಿಲ್ಲ ಎಂದಾದರೆ ಈ ಚಿತ್ರ ಬೇರೆಯೇ ಆಯಿತಲ್ಲ!

ವಿರೋಧ: ಬೇಟೆ ಅದೇ, ಬಟ್ಟೆ ಬೇರೆ

ಮೇಲೆ ಹೆಸರಿಸಿದ ಚಿತ್ರಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಬಹುತೇಕ ನನಗೂ ಇಷ್ಟವೇ. 'ನಾತಿಚರಾಮಿ'ಯ ವಿಷಯದಲ್ಲಂತೂ ಸೋಲು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಉಳಿದವು ಬೇರೆ ಜಾತಿಯವು ಎಂಬ ಮಾತಿಗೆ ಮಾತ್ರ ನನ್ನ ತಕರಾರು.

'ಬೆಳದಿಂಗಳ ಬಾಲೆ'ಯನ್ನೇ ನೋಡಿ. ಅವಳು ಯಾರು? ಅವಳಿಗೊಂದು ಮುಖವಿಲ್ಲ, ಸರಿ, ಅದನ್ನು ಎದೆಗಾರಿಕೆ ಎನ್ನೋಣ. ಆದರೆ ಮೇಧಾವಿ ಗಂಡಸೊಬ್ಬನ ಬಿಡುವಿನ ಹೊತ್ತಿಗೆ ಒಗಟು ಹಾಕುತ್ತಾ ಕೂರುವುದನ್ನು ಬಿಟ್ಟು ಅವಳು ಮಾಡುವುದೇನು? ಹುಡುಕುವವನು ಅವನು, ಸಿಗಬೇಕಾದವಳು ಅವಳು. ಬೈಕಿನ ಬದಲು ಫೋನು ಬಂದಿದೆ, ಬೆನ್ನು ಬೀಳುವುದು ತಪ್ಪಿಲ್ಲ. ಕೊನೆಗೆ ಅವಳು ಸಾಯುತ್ತಾಳೆ. ಹಳೆಯ ಚಿತ್ರ, ಕೊನೆ ಹೇಳಿದ್ದಕ್ಕೆ ಕ್ಷಮೆ ಇರಲಿ.

ಸಾವಿನ ಮಾತು ಬಂದದ್ದೂ ಒಳ್ಳೆಯದಾಯಿತು. 2020ರ ಆರಂಭದಲ್ಲಿ ವಾರದ ಅಂತರದಲ್ಲಿ ಬಂದ 'ಲವ್ ಮಾಕ್‌ಟೇಲ್' ಮತ್ತು 'ದಿಯಾ' ಎರಡನ್ನೂ ಲಾಕ್‌ಡೌನಿನಲ್ಲಿ ಮನೆಯ ಟಿವಿಯಲ್ಲಿ ನೋಡಿ "ಇದು ಮಾಮೂಲಿ ಲವ್ ಸ್ಟೋರಿ ಅಲ್ಲ" ಎಂದು ಕಣ್ಣೊರೆಸಿಕೊಂಡವರು ಎಷ್ಟು ಜನ! ಎರಡರಲ್ಲೂ ಒಂದು ಸಾವು ಕಾದು ಕುಳಿತಿದೆ. 'ಸ್ವಾತಿ ಮುತ್ತಿನ ಮಳೆ ಹನಿಯೇ'ಯಲ್ಲಿ (2023) ಕಥೆ ನಡೆಯುವುದೇ ಸಾಯಲು ಬಂದವರ ಆಸ್ಪತ್ರೆಯಲ್ಲಿ. ಪ್ರೇಮಿಗಳನ್ನು ಮದುವೆ ಮಂಟಪಕ್ಕೆ ಕರೆದೊಯ್ದರೆ ಫಾರ್ಮುಲಾ, ಸ್ಮಶಾನಕ್ಕೆ ಕರೆದೊಯ್ದರೆ ಕಲೆ. ಯಾರು ಮಾಡಿದ ಕಾನೂನು ಇದು? ಎರಡೂ ದಾರಿಯಲ್ಲಿ ನಿರ್ದೇಶಕ ತಪ್ಪಿಸಿಕೊಳ್ಳುವುದು ಒಂದನ್ನೇ. ಮಾರನೆಯ ದಿನ ಬೆಳಗ್ಗೆ ಹಾಲು ಕಾಯಿಸುವವರು ಯಾರು ಎಂಬ ಪ್ರಶ್ನೆಯನ್ನು.

'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ ಪರ ವಾದಿಸಿದವರು ಜಾಣತನದಿಂದ ಮೊದಲ ಭಾಗವಾದ ಸೈಡ್ ಎಯ ಜೈಲಿನಲ್ಲೇ ನಿಂತರು. ಅದೇ ವರ್ಷ ನವೆಂಬರ್ 17ರಂದು ಎರಡನೆಯ ಭಾಗ, ಸೈಡ್ ಬಿ, ಬಂತಲ್ಲ, ಅದರ ಕಥೆಯೇನು? ವರ್ಷಗಳ ಮೇಲೆ ಮನು ಹೊರಬರುತ್ತಾನೆ. ಪ್ರಿಯಾಗೆ ಮದುವೆಯಾಗಿದೆ, ಮಗುವಿದೆ, ಸಂಸಾರ ಕಷ್ಟದಲ್ಲಿದೆ. ಇವನು ಅವಳಿಗೆ ಗೊತ್ತಾಗದಂತೆ ಹಿಂಬಾಲಿಸುತ್ತಾನೆ, ಮರೆಯಲ್ಲಿ ನಿಂತು ನೋಡುತ್ತಾನೆ, ಅವಳ ಬದುಕನ್ನು ತಾನೇ ರಿಪೇರಿ ಮಾಡಲು ಹೊರಡುತ್ತಾನೆ. ಅವಳನ್ನೊಂದು ಮಾತು ಕೇಳಿದನೇ? ಇದೇ ಕೆಲಸವನ್ನು ಕೆಂಪು ಶರ್ಟು ಹಾಕಿದ ಪಡ್ಡೆ ಹೀರೊ ಮಾಡಿದ್ದರೆ ನಾವು ಏನೆನ್ನುತ್ತಿದ್ದೆವು ಎಂದು ಪರ ಬರಹದ ಮೊದಲ ಪ್ಯಾರಾದಲ್ಲೇ ಇದೆ. ಮನುವಾದ ರಕ್ಷಿತ್ ಶೆಟ್ಟಿಯ ಗಡ್ಡ, ಚರಣ್ ರಾಜ್ ಸಂಗೀತ, ಮಬ್ಬು ಬೆಳಕು ಸೇರಿದಾಗ ಹಿಂಬಾಲಿಸುವುದು ಹಂಬಲಿಸುವುದಾಗಿ ಕಾಣುತ್ತದೆ. ನನಗೆ ಅದರಲ್ಲಿ ಹೆಚ್ಚು ಸಹಜವಾಗಿ ಕಂಡವಳು ಚೈತ್ರಾ ಆಚಾರ್ ಮಾಡಿದ ಸುರಭಿ. ತನ್ನ ಪ್ರೀತಿಗೆ ಮನುವಿನಿಂದ ಪ್ರೀತಿ ಸಿಗುತ್ತಿಲ್ಲ ಎಂದು ಅವಳಿಗಾದರೂ ಅರ್ಥವಾಗುತ್ತದೆ.

ಈಗ ಮಾಮೂಲಿಗೆ ಬನ್ನಿ. 2006ರ ಡಿಸೆಂಬರ್ ಕೊನೆಯಲ್ಲಿ ಬಂದು ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಓಡಿದ 'ಮುಂಗಾರು ಮಳೆ'ಗಿಂತ ಮಾಮೂಲಿ ಇನ್ನೊಂದುಂಟೇ? ಹುಡುಗಿಯನ್ನು ಬಾಯಿ ಬಿಟ್ಟು ನೋಡುತ್ತಾ ಗುಂಡಿಗೆ ಬೀಳುವ ನಾಯಕ ಪ್ರೀತಮ್ (ಗಣೇಶ್), ಅಲ್ಲಿ ಅವನ ಪಾಲಾಗುವ ಅವಳ ಹೃದಯಾಕಾರದ ಕೈಗಡಿಯಾರ, ಮಡಿಕೇರಿಯ ಮದುವೆ ಮನೆ, ಮುಗಿಯದ ಮಳೆ, ಜೋಗದ ತುದಿಯ ಹಾಡು, ಸಾಲದ್ದಕ್ಕೆ ದೇವದಾಸ ಎಂಬ ಮೊಲ! ಪ್ರೇಮಚಿತ್ರ ಒಲ್ಲದವರು ಎದ್ದು ಹೋಗಲು ಬೇಕಾದ ಎಲ್ಲ ಸಾಮಗ್ರಿಯೂ ಇದೆ. ಆದರೆ ಕೊನೆಗೆ ಆಗುವುದೇನು? ಆ ಹುಡುಗಿ ನಂದಿನಿ ಮನಸ್ಸು ಬದಲಿಸಿ ಬರಲು ಸಿದ್ಧಳಿದ್ದಾಳೆ. ಅವಳ ಅಪ್ಪ, ಹೃದ್ರೋಗಿ ಕರ್ನಲ್, ಇವನನ್ನು ನಂಬಿ ಮನಸ್ಸು ಬಿಚ್ಚಿದ್ದಾನೆ. ಪ್ರೀತಮ್ ಬಿಟ್ಟುಕೊಟ್ಟು ನಡೆಯುತ್ತಾನೆ. ಯಾರೂ ಬಂದೂಕು ತೋರಿಸಲಿಲ್ಲ, ಕ್ಯಾನ್ಸರ್ ಬರಲಿಲ್ಲ. ತಪ್ಪೋ ಸರಿಯೋ, ಅವನೇ ತೆಗೆದುಕೊಂಡ ತೀರ್ಮಾನ. (ಅವಳನ್ನೂ ಕೇಳಬೇಕಿತ್ತು ಎನ್ನುವಿರಾದರೆ ನಾನು ನಿಮ್ಮ ಕಡೆ.) ವಾಚಾಳಿ ಗಣೇಶ್ ಸುಮ್ಮನಾಗುವ ಆ ಗಳಿಗೆಗಾಗಿಯೇ ಯೋಗರಾಜ್ ಭಟ್ಟರು ಎರಡೂವರೆ ತಾಸು ಅವನ ಬಾಯಲ್ಲಿ ಅಷ್ಟು ಮಾತು ಆಡಿಸಿದ್ದು.

ಇನ್ನೂ ಹಿಂದೆ ಹೋಗಿ. 1974, 'ಎರಡು ಕನಸು'. ದೊರೆ-ಭಗವಾನ್ ನಿರ್ದೇಶನ, ವಾಣಿಯವರ ಕಾದಂಬರಿ, ರಾಜನ್-ನಾಗೇಂದ್ರ ಸಂಗೀತ. ಡಾ. ರಾಜ್ ಮಾಡಿದ್ದು ಉಪನ್ಯಾಸಕನ ಪಾತ್ರ. ಪ್ರೀತಿಸಿದ್ದು ಮಂಜುಳಾಳನ್ನು, ತಾಳಿ ಕಟ್ಟಿದ್ದು ಕಲ್ಪನಾಗೆ. ಬೇರೆಯವರ ಸಿನಿಮಾ ಮುಗಿಯುವ ಜಾಗದಲ್ಲಿ ಇದು ಶುರುವಾಗುತ್ತದೆ: ಮದುವೆಯಾದ ಮೇಲೆ, ಒಂದೇ ಸೂರಿನಡಿ, ತನ್ನದೇನೂ ತಪ್ಪಿಲ್ಲದ ಹೆಣ್ಣಿನ ಎದುರು ಗಂಡ ಅಪರಿಚಿತನಂತೆ ಓಡಾಡುತ್ತಾನೆ. ನಾಯಕನ ಅಮರ ಪ್ರೇಮಕ್ಕೆ ಬೆಲೆ ತೆರುವವರು ಯಾರು ಎಂದು ಕಲ್ಪನಾ ಮುಖ ನೋಡಿದರೆ ತಿಳಿಯುತ್ತದೆ. ಆ ಲೆಕ್ಕವನ್ನು ಸೈಡ್ ಬಿ ಕೇಳಲಿಲ್ಲ, ನಮ್ಮ ಅಜ್ಜಿಯರು ಟೆಂಟಿನಲ್ಲಿ ಕೂತು ನೋಡಿದ ಮಾಮೂಲಿ ಚಿತ್ರ ಕೇಳಿತ್ತು.

ಹಾಗಾಗಿ ಮಾಮೂಲಿ, ಬೇರೆ ಥರ ಎಂಬ ವಿಂಗಡಣೆಯೇ ನನಗೆ ಒಪ್ಪಿಗೆಯಿಲ್ಲ. ಬಹಳ ಸಲ ಅದು ಚಿತ್ರದ ಗುಣಕ್ಕಿಂತ ನೋಡುವವರ ಜಂಭವನ್ನೇ ಹೇಳುತ್ತದೆ. ನಿಮ್ಮ ಮನೆಯಲ್ಲೂ "ನಾನು ಬರಲ್ಲ" ಎನ್ನುವವರಿದ್ದರೆ ಈ ಭಾನುವಾರ 'ಎರಡು ಕನಸು' ಹಾಕಿ, ಯಾವ ಬಗೆಯ ಚಿತ್ರವೆಂದು ಮೊದಲೇ ಹೇಳಬೇಡಿ. ಹಾಡು ಬಂದಾಗ ರಿಮೋಟ್ ಮಾತ್ರ ಅವರ ಕೈಗೆ ಕೊಡಬೇಡಿ.