ವಯಸ್ಸು ಹದಿನೆಂಟು, ವಿಳಾಸ ಯಾವುದು?

2024ರ ಏಪ್ರಿಲ್ 26, ಶುಕ್ರವಾರ. ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ, ನಮ್ಮ ಕಾಲೇಜಿಗೆ ರಜೆ. ನನಗೆ ಇಲ್ಲಿ ಮತವಿರಲಿಲ್ಲ. ಶಾಯಿ ಹಚ್ಚಿದ ಬೆರಳು ತೋರಿಸುವ ಗೆಳೆಯರ ಸ್ಟೇಟಸ್‌ಗಳನ್ನು ನೋಡುತ್ತಾ ಪಿ.ಜಿ.ಯ ಮಂಚದ ಮೇಲೆ ದಿನ ಕಳೆದೆ. ನನ್ನ ಹೆಸರಿರುವುದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ನಮ್ಮೂರಿನ ಪಟ್ಟಿಯಲ್ಲಿ. ಅಲ್ಲಿ ಮತದಾನ ಮೇ 7, ಮಂಗಳವಾರ. ಅಂದು ಬೆಂಗಳೂರಿನಲ್ಲಿ ಎಂದಿನ ದಿನ, ನಮಗೆ ಇಂಟರ್ನಲ್ಸ್. ಇನ್ನೊಂದು ದಿನ ಪರೀಕ್ಷೆ ಬರೆಯಲು ಅವಕಾಶ ಕೊಡಿ ಎಂದು ಉತ್ತರ ಕರ್ನಾಟಕದ ನಾವು ಏಳೆಂಟು ಮಂದಿ ಕೇಳಿದೆವು. ‘ಮತದಾನಕ್ಕೆ ರಜೆ ಕೊಟ್ಟಾಯಿತಲ್ಲ’ ಎಂಬ ಉತ್ತರ ಬಂತು. ಅಂಕ ಬಿಟ್ಟು ಹಿಂದಿನ ರಾತ್ರಿ ಬಸ್ ಹತ್ತಿದವನು ಒಬ್ಬನೇ. ಅವನು ನಾನಲ್ಲ.

ಮತದಾನದ ವಯಸ್ಸನ್ನು 16ಕ್ಕೆ ಇಳಿಸುವುದಾಗಿ 2025ರ ಜುಲೈನಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದಾಗ ನಮ್ಮ ಹಾಸ್ಟೆಲು, ಪಿ.ಜಿ.ಗಳಲ್ಲೂ ವಾದ ಎದ್ದಿತು. ‘ಎಸ್ಸೆಸ್ಸೆಲ್ಸಿ ಹುಡುಗರಿಗೆ ರಾಜಕೀಯ ಏನು ಗೊತ್ತು?’ ಎಂದವರೇ ಹೆಚ್ಚು. ನಾನೂ ಅವರ ಜೊತೆ ನಕ್ಕವನೇ. ಆಮೇಲೆ ನಮ್ಮದೇ ದೇಶದಲ್ಲಿ 21 ಹೇಗೆ 18 ಆಯಿತು ಎಂದು ಓದತೊಡಗಿದಾಗ, 18ರಿಂದ 20ರವರ ಬಗ್ಗೆಯೂ ಹಿರಿಯರು ಇದೇ ಮಾತು ಆಡಿದ್ದರು ಎಂಬುದು ತಿಳಿಯಿತು.

ಸ್ವಾತಂತ್ರ್ಯ ಬಂದಾಗ 21 ಎಂಬುದು ಸಣ್ಣ ಸಂಖ್ಯೆಯೇನಲ್ಲ. 1928ರ ನೆಹರೂ ವರದಿಯೂ ಅದನ್ನೇ ಸೂಚಿಸಿತ್ತು, ಸಂವಿಧಾನದ 326ನೇ ವಿಧಿ ಅದನ್ನೇ ಒಪ್ಪಿಕೊಂಡಿತು. ಓದು ಬಾರದವರಿಗೂ ಆಸ್ತಿ ಇಲ್ಲದವರಿಗೂ ಹೆಣ್ಣಿಗೂ ಗಂಡಿಗೂ ಒಂದೇ ಸಲ ಮತ ಕೊಟ್ಟ ದೇಶ ಇದು. ಆ ದೊಡ್ಡ ನಿರ್ಧಾರದ ಎದುರು ಮೂರು ವರ್ಷದ ವ್ಯತ್ಯಾಸ ಯಾರಿಗೂ ದೊಡ್ಡದಾಗಿ ಕಾಣದೇ ಇದ್ದಿರಬಹುದು. ಕಾಣತೊಡಗಿದ್ದು ಎಪ್ಪತ್ತರ ದಶಕದಲ್ಲಿ. ಅಷ್ಟರಲ್ಲಿ ಬ್ರಿಟನ್ 1969ರಲ್ಲಿ 18ಕ್ಕೆ ಇಳಿದಿತ್ತು. ವಿಯೆಟ್ನಾಂ ಯುದ್ಧಕ್ಕೆ ಹದಿನೆಂಟರ ಹುಡುಗರನ್ನು ಕಳಿಸುತ್ತಿದ್ದ ಅಮೆರಿಕ, ‘ಸಾಯಲು ಸಾಕಾದ ವಯಸ್ಸು ಮತ ಹಾಕಲು ಸಾಲದೇ?’ ಎಂಬ ಪ್ರಶ್ನೆಗೆ ಉತ್ತರ ಕೊಡಲಾಗದೆ 1971ರಲ್ಲಿ ಸಂವಿಧಾನ ತಿದ್ದಿತು.

ನಮ್ಮಲ್ಲಿ ಪ್ರಶ್ನೆ ಎದ್ದದ್ದು ಯುದ್ಧದಿಂದಲ್ಲ, ಮೆಸ್ ಬಿಲ್‌ನಿಂದ! 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಊಟದ ಶುಲ್ಕ ಏರಿದ್ದಕ್ಕೆ ವಿದ್ಯಾರ್ಥಿಗಳು ಸಿಡಿದೆದ್ದರು. ಅದು ಬೆಲೆ ಏರಿಕೆ, ಭ್ರಷ್ಟಾಚಾರದ ವಿರುದ್ಧದ ನವನಿರ್ಮಾಣ ಚಳವಳಿಯಾಗಿ ಬೆಳೆಯಿತು. 1974ರ ಫೆಬ್ರುವರಿಯಲ್ಲಿ ಗುಜರಾತಿನ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಡಬೇಕಾಯಿತು. ಬೀದಿಗೆ ಇಳಿದವರಲ್ಲಿ 21 ತುಂಬದವರೂ ಇದ್ದರು. ಸರ್ಕಾರ ಉರುಳಿಸಲು ಅವರಿಂದ ಆಯಿತು, ಹೊಸ ಸರ್ಕಾರ ಆರಿಸಲು ಮಾತ್ರ ಕಾನೂನು ಬಿಡಲಿಲ್ಲ. ಜಯಪ್ರಕಾಶ ನಾರಾಯಣರ ಒತ್ತಾಸೆಯಿಂದ ರಚನೆಯಾಗಿ ಚುನಾವಣಾ ಸುಧಾರಣೆಯನ್ನು ಅಧ್ಯಯನ ಮಾಡಿದ ತಾರ್ಕುಂಡೆ ಸಮಿತಿ ಮತದಾನದ ವಯಸ್ಸು 18 ಆಗಲಿ ಎಂದು ಶಿಫಾರಸು ಮಾಡಿದ್ದು ಇದೇ ಕಾಲದಲ್ಲಿ, 1975ರಲ್ಲಿ.

ಶಿಫಾರಸು ಕಾನೂನಾಗಲು ಮತ್ತೆ ಹದಿಮೂರು ವರ್ಷ ಹಿಡಿಯಿತು. 1988ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಮಸೂದೆ ಮಂಡಿಸಿದವರು ಕನ್ನಡಿಗರು, ಚಿಕ್ಕೋಡಿಯ ಸಂಸದ, ಆಗಿನ ಕಾನೂನು ಸಚಿವ ಬಿ. ಶಂಕರಾನಂದ. ಇಂದಿನ ಯುವಜನ ಓದಿದವರು, ರಾಜಕೀಯ ಪ್ರಜ್ಞೆ ಉಳ್ಳವರು, ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಈಗಾಗಲೇ 18 ವರ್ಷವನ್ನು ಅಳವಡಿಸಿಕೊಂಡಿವೆ ಎಂಬುದು ಮಸೂದೆ ಕೊಟ್ಟ ಕಾರಣ. ಎರಡೇ ದಿನದಲ್ಲಿ ಲೋಕಸಭೆ, ಒಂದೇ ವಾರದಲ್ಲಿ ರಾಜ್ಯಸಭೆ ಒಪ್ಪಿದವು. ರಾಜ್ಯಗಳ ಅನುಮೋದನೆ ಪಡೆದು 1989ರ ಮಾರ್ಚ್ 28ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅಂಕಿತ ಹಾಕಿದರು. ಅದೇ 61ನೇ ತಿದ್ದುಪಡಿ.

ಚುನಾವಣೆಯ ವರ್ಷದಲ್ಲಿ ಬಂದ ಈ ಉದಾರತೆಯಲ್ಲಿ ಲೆಕ್ಕಾಚಾರ ಇರಲಿಲ್ಲವೆಂದು ಯಾರೂ ಹೇಳಲಾರರು. ಯುವ ಪ್ರಧಾನಿ ರಾಜೀವ್ ಗಾಂಧಿಗೆ ಯುವ ಮತಗಳು ಒಲಿಯುತ್ತವೆ ಎಂಬ ನಿರೀಕ್ಷೆ ಇದ್ದೀತು. ಆದರೆ ಆ ನವೆಂಬರ್‌ನಲ್ಲಿ, 1984ರಲ್ಲಿ 400ಕ್ಕೂ ಹೆಚ್ಚು ಸ್ಥಾನ ಗೆದ್ದಿದ್ದ ಕಾಂಗ್ರೆಸ್ 197ಕ್ಕೆ ಇಳಿಯಿತು. ‘ಮತ ಕೊಟ್ಟವರನ್ನೇ ಹುಡುಗರು ಕೆಡವಿದರು’ ಎಂಬ ಮಾತು ಕೇಳಲು ಚೆನ್ನಾಗಿದೆ. ನಮ್ಮ ರಾಜ್ಯವನ್ನು ನೋಡಿದರೆ ಅದು ನಿಲ್ಲುವುದಿಲ್ಲ. ಅದೇ ತಿಂಗಳು ಕರ್ನಾಟಕದಲ್ಲಿ ಕಾಂಗ್ರೆಸ್ 28ರಲ್ಲಿ 27 ಲೋಕಸಭಾ ಸ್ಥಾನ ಗೆದ್ದಿತು, ವಿಧಾನಸಭೆಯಲ್ಲಿ 178 ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಹದಿನೆಂಟರವರು ಎಲ್ಲ ಕಡೆ ಒಂದೇ ತೆರನಾಗಿ ಮತ ಹಾಕುವ ಮಂದೆಯಲ್ಲ, ಅಪ್ಪ ಅಮ್ಮನ ಹಾಗೆಯೇ ಅವರಿಗೂ ತಮ್ಮ ಊರಿನ ಲೆಕ್ಕಗಳಿರುತ್ತವೆ. ‘ಯುವ ಮತ ಬ್ಯಾಂಕ್’ ಎಂದು ಟಿ.ವಿ.ಯಲ್ಲಿ ಅರಚುವವರು ಇದನ್ನು ಯಾವಾಗ ಗಮನಿಸುತ್ತಾರೋ.

ಹೀಗೆ ವಯಸ್ಸೇನೋ ಇಳಿಯಿತು, ಆದರೆ ಪಟ್ಟಿಯ ಬಾಗಿಲು ವರ್ಷಕ್ಕೆ ಒಂದೇ ಸಲ ತೆರೆಯುತ್ತಿತ್ತು. ಜನವರಿ 1ಕ್ಕೆ 18 ತುಂಬಿರಬೇಕು, ಜನವರಿ 2ರಂದು ಹುಟ್ಟಿದವರು ಮುಂದಿನ ವರ್ಷದವರೆಗೆ ಕಾಯಬೇಕು. 2021ರ ತಿದ್ದುಪಡಿಯಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ ಹೀಗೆ ನಾಲ್ಕು ದಿನಾಂಕಗಳಾದವು, 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದಾಯಿತು. ನಾನು ಹುಟ್ಟಿದ್ದು 2005ರ ಫೆಬ್ರುವರಿಯಲ್ಲಿ. ಹಳೆಯ ನಿಯಮವೇ ಇದ್ದಿದ್ದರೆ 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ನನಗೆ ಮತವಿರುತ್ತಿರಲಿಲ್ಲ. ಆಗ ದ್ವಿತೀಯ ಪಿಯುಸಿ ಮುಗಿಸಿ ಊರಲ್ಲೇ ಇದ್ದೆ. ಅವ್ವನ ಹಿಂದೆ ನಿಂತು ನಾನು ಓದಿದ ಶಾಲೆಯಲ್ಲೇ ಮತ ಹಾಕಿ ಬಂದೆ, ಹತ್ತು ನಿಮಿಷದ ಕೆಲಸ.

ಒಂದೇ ವರ್ಷದ ನಂತರ ಅದೇ ಕೆಲಸಕ್ಕೆ ಎರಡು ರಾತ್ರಿಯ ಬಸ್ ಪ್ರಯಾಣ ಮತ್ತು ಒಂದು ಪರೀಕ್ಷೆಯ ಬೆಲೆ ಬಂತು. ನನಗೆ ಪ್ರಶ್ನೆ ತಿರುಗಿ ಕಂಡದ್ದು ಇಲ್ಲಿ. ಹದಿನೆಂಟು ಎಂದರೆ ನಮ್ಮಲ್ಲಿ ಪಿಯುಸಿ ಮುಗಿಯುವ ವಯಸ್ಸು. ಮತ ಕೈಗೆ ಬರುವ ಹೊತ್ತಿಗೇ ಹುಡುಗ ಹುಡುಗಿಯರು ಧಾರವಾಡಕ್ಕೋ ಮೈಸೂರಿಗೋ ಬೆಂಗಳೂರಿಗೋ ಬ್ಯಾಗು ಹೊತ್ತು ಹೊರಡುತ್ತಾರೆ. ಪದವಿ, ಕೋಚಿಂಗ್, ಮೊದಲ ಕೆಲಸ ಎನ್ನುತ್ತಾ 25ರವರೆಗೆ ವಿಳಾಸ ಬದಲಾಗುತ್ತಲೇ ಇರುತ್ತದೆ. ಕಾನೂನು ಮಾತ್ರ ನಮ್ಮನ್ನು ‘ಸಾಮಾನ್ಯವಾಗಿ ವಾಸಿಸುವ’ ಸ್ಥಳದಲ್ಲಿ ಹುಡುಕುತ್ತದೆ. 2024ರ ಲೋಕಸಭಾ ಚುನಾವಣೆಗೆ ಪಟ್ಟಿಯಲ್ಲಿದ್ದ 18–19ರವರು ಸುಮಾರು 1.8 ಕೋಟಿ. ಆ ವಯಸ್ಸಿನ ಅಂದಾಜು ಜನಸಂಖ್ಯೆಯಲ್ಲಿ ಇದು ಶೇ 40ಕ್ಕಿಂತ ಕಡಿಮೆ ಎಂಬ ವಿಶ್ಲೇಷಣೆಗಳು ಬಂದವು. ಎಲ್ಲರೂ ವಿಳಾಸದ ಕಾರಣಕ್ಕೇ ಹೊರಗುಳಿದರು ಎನ್ನಲಾರೆ, ಸೋಮಾರಿತನವೂ ಇದೆ. ನನ್ನ ರೂಮಿನ ನಾಲ್ವರಲ್ಲಿ ಇಬ್ಬರು ಫಾರ್ಮ್ 6 ಹೆಸರನ್ನೇ ಕೇಳಿರಲಿಲ್ಲ.

16ರ ವಾದವನ್ನು ಮತ್ತೆ ಓದಿದ್ದು ಈ ಕಣ್ಣಿನಿಂದ. 2007ರಲ್ಲಿ 16ಕ್ಕೆ ಇಳಿದ ಆಸ್ಟ್ರಿಯಾದಲ್ಲಿ 16–17ರವರು 18–20ರವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮತ ಹಾಕಿದ್ದನ್ನು ಸಂಶೋಧಕರು ಗುರುತಿಸಿದ್ದಾರೆ. ಕಾರಣ ಊಹಿಸುವುದು ಕಷ್ಟವಲ್ಲ. ಹದಿನಾರರವರು ಇನ್ನೂ ಮನೆಯಲ್ಲಿದ್ದಾರೆ, ಅಪ್ಪ ಅಮ್ಮನ ಜೊತೆ ಹೋಗುತ್ತಾರೆ. ನನ್ನ ಮೊದಲ ಮತದ ಕಥೆಯೂ ಅಷ್ಟೇ ಅಲ್ಲವೇ? ಹಾಗೆಂದು ಭಾರತದಲ್ಲಿ ನಾಳೆಯೇ 16 ಆಗಲಿ ಎಂದು ವಾದಿಸುವ ಧೈರ್ಯ ನನಗಿಲ್ಲ. ಮನೆಯ ಹಿರಿಯರು ಹೇಳಿದವರಿಗೇ ಒತ್ತಬೇಕಾದ ಹದಿನಾರರ ಹುಡುಗಿಯರು ನಮ್ಮೂರಲ್ಲೇ ಇದ್ದಾರೆ. ಆದರೆ ‘ಅವರಿಗೇನು ಗೊತ್ತು’ ಎಂದು ನಗುವುದನ್ನು ನಿಲ್ಲಿಸಿದ್ದೇನೆ.

ಇನ್ನೊಂದು ಚರ್ಚೆ ಸ್ಪರ್ಧೆಯ ವಯಸ್ಸಿನದು. ಗ್ರಾಮ ಪಂಚಾಯಿತಿಗೆ 21ಕ್ಕೆ ನಿಲ್ಲಬಹುದು, ವಿಧಾನಸಭೆ ಮತ್ತು ಲೋಕಸಭೆಗೆ 25 ಆಗಬೇಕು. ಅದನ್ನು 18ಕ್ಕೆ ಇಳಿಸಬಹುದೆಂದು 2023ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಹೇಳಿದೆ, ಚುನಾವಣಾ ಆಯೋಗ ಒಪ್ಪಿಲ್ಲ. ಠೇವಣಿಗೆ ದುಡ್ಡಿಲ್ಲದ ನಮ್ಮಂಥವರಿಗೆ ಇದು ಸದ್ಯಕ್ಕೆ ದೂರದ ಮಾತು.

ಹತ್ತಿರದ ಮಾತು ಬೇರೆ ಇದೆ. ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಸೆಕ್ಷನ್ ಪ್ರಕಾರ, ಮತದಾನದ ಹಕ್ಕುಳ್ಳ ಪ್ರತಿ ಉದ್ಯೋಗಿಗೂ ಮತದಾನದ ದಿನ ವೇತನಸಹಿತ ರಜೆ ಕೊಡಬೇಕು. ಕುಷ್ಟಗಿಯಲ್ಲಿ ಮತವಿದ್ದು ಬೆಂಗಳೂರಿನ ಅಂಗಡಿಯಲ್ಲಿ ದುಡಿಯುವವನೂ ಮೇ 7ಕ್ಕೆ ರಜೆ ಕೇಳಬಹುದಿತ್ತು. ವಿದ್ಯಾರ್ಥಿ ಉದ್ಯೋಗಿಯಲ್ಲ, ಕೋಚಿಂಗ್ ಸೆಂಟರಿನಲ್ಲಿ ಕೂತವನೂ ಅಲ್ಲ. ಆ ಸೆಕ್ಷನ್ನಿಗೆ ವಿದ್ಯಾರ್ಥಿಗಳನ್ನೂ ಸೇರಿಸಲು, ಕನಿಷ್ಠ ಅಂದಿನ ಹಾಜರಾತಿ, ಪರೀಕ್ಷೆಗೆ ವಿನಾಯಿತಿ ಕೊಡಲು ಸಂವಿಧಾನವನ್ನೇನೂ ತಿದ್ದಬೇಕಿಲ್ಲ. ವಿಶ್ವವಿದ್ಯಾಲಯದ ಒಂದು ಸುತ್ತೋಲೆ ಸಾಕು. ಹಾಸ್ಟೆಲ್‌ನಲ್ಲಿರುವವರು ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಪತ್ರದೊಂದಿಗೆ ಅಲ್ಲೇ ಹೆಸರು ಸೇರಿಸಿಕೊಳ್ಳಲು ಅವಕಾಶ ಈಗಲೂ ಇದೆ. ಪಿ.ಜಿ.ಯವರ ಪಾಡು ಬೇರೆ. ಬಾಡಿಗೆ ಕರಾರು ಕೇಳಿದರೆ ನಮ್ಮ ಪಿ.ಜಿ. ಮಾಲೀಕರು ‘ಅದೆಲ್ಲ ಯಾಕಪ್ಪಾ ನಿನಗೆ, ಆರು ತಿಂಗಳಿಗೆ ಹೋಗೋನು’ ಎಂದರು. ವಲಸಿಗರು ಇರುವಲ್ಲಿಂದಲೇ ತಮ್ಮೂರಿಗೆ ಮತ ಹಾಕಲು ಚುನಾವಣಾ ಆಯೋಗ ರೂಪಿಸಿದ್ದ ದೂರ ಮತಯಂತ್ರವನ್ನು 2023ರ ಜನವರಿಯಲ್ಲಿ ಪಕ್ಷಗಳಿಗೆ ತೋರಿಸಲು ಕರೆಯಲಾಗಿತ್ತು. ವಿರೋಧ ಪಕ್ಷಗಳ ಅನುಮಾನಗಳ ನಡುವೆ ಅದು ಅಲ್ಲಿಗೇ ನಿಂತಿತು. ಅನುಮಾನಗಳು ಹಗುರವಾದವಲ್ಲ, ಬೇರೆ ರಾಜ್ಯದ ಮತಗಟ್ಟೆಯಲ್ಲಿ ಏಜೆಂಟರಾಗಿ ಯಾರು ಕೂರಬೇಕು? ಅಂಚೆ ಮತವೂ ನಮಗಿಲ್ಲ. ಅದು 85 ದಾಟಿದವರಿಗೆ, ಅಂಗವಿಕಲರಿಗೆ, ಸೈನಿಕರಿಗೆ, ಚುನಾವಣಾ ಕರ್ತವ್ಯದಲ್ಲಿ ಇರುವವರಿಗೆ.

ಅಂದು ಬಸ್ ಹತ್ತಿದ ಗೆಳೆಯ ಮೇ 8ರ ಬೆಳಿಗ್ಗೆ ಬೆರಳಿನ ಶಾಯಿಯೊಂದಿಗೆ ನೇರವಾಗಿ ತರಗತಿಗೇ ಬಂದ. ಆ ವಿಷಯದ ಇಂಟರ್ನಲ್ಸ್‌ನಲ್ಲಿ ಅವನ ಅಂಕ ಸೊನ್ನೆ ಎಂದೇ ದಾಖಲಾಯಿತು. ನನಗೆ ಇಪ್ಪತ್ತಕ್ಕೆ ಹದಿನಾಲ್ಕು.