ಬ್ಯಾಟರಿ ಬದಲಿಸೋ ಮುಂಚೆ ಒಂದ್ಸಲ ಅಳೆದು ನೋಡಿ

ಮಂಡ್ಯಕ್ಕೂ ಬ್ಯಾಟರಿಗೂ ಏನು ಸಂಬಂಧ ಅಂತ ಕೇಳಿದ್ರೆ ಎಲ್ಲರೂ ಲಿಥಿಯಂ ಕತೆ ಹೇಳ್ತಾರೆ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ ಸುಮಾರು 1,600 ಟನ್ ಲಿಥಿಯಂ ಇದೆ ಅಂತ 2021ರಲ್ಲಿ ಸುದ್ದಿಯಾದಾಗ ಊರೆಲ್ಲಾ ಅದೇ ವಾಟ್ಸಾಪ್ ಸ್ಟೇಟಸ್. ಆದರೆ ಮದ್ದೂರು, ಮಳವಳ್ಳಿ ಕಡೆ ಮನೆ ಮುಂದೆ ನಿಂತಿರೋ ಪೆಟ್ರೋಲ್, ಡೀಸೆಲ್ ಕಾರುಗಳು ಇವತ್ತಿಗೂ ಸ್ಟಾರ್ಟ್ ಆಗೋದು ಸೀಸ, ಆಸಿಡ್ ತುಂಬಿದ 12 ವೋಲ್ಟಿನ ಡಬ್ಬಿಯಿಂದಲೇ. ಆ ಡಬ್ಬಿ ಕೈಕೊಟ್ಟಾಗ ಹೊಸದನ್ನ ಹೇಗೆ ಆರಿಸಬೇಕು ಅನ್ನೋದನ್ನ ಇಂಜಿನಿಯರಿಂಗ್ ಓದೋ ನಾವೂ ಅಂಗಡಿಯವರಿಗೇ ಬಿಟ್ಟುಬಿಡ್ತೀವಲ್ಲ, ಅದೇ ನನ್ನ ತಕರಾರು.

ಮಾಮೂಲಿ ನಡೆಯೋದು ಇಷ್ಟೇ. ಬೆಳಗ್ಗೆ ಕೀ ತಿರುಗಿಸಿದ್ರೆ ಬರೀ ಟಿಕ್ ಟಿಕ್. ಪಕ್ಕದ ಮನೆಯಣ್ಣ ಬಂದು "ಬ್ಯಾಟ್ರಿ ಓಗದೆ" ಅಂತಾರೆ. ಅಂಗಡೀಲಿ "ಸ್ವಲ್ಪ ದೊಡ್ದೇ ಹಾಕ್ಸ್ಕಳಿ ಸಾರ್, ತಲೆನೋವಿರಲ್ಲ" ಅಂತಾರೆ. ಕಬ್ಬಿನ ದುಡ್ಡಲ್ಲೋ ಸಂಬಳದಲ್ಲೋ 4–5 ಸಾವಿರ ಹೋಗುತ್ತೆ. ಹಳೇದು ಯಾಕೆ ಹೋಯ್ತು ಅಂತ ಮಾತ್ರ ಯಾರೂ ಕೇಳಲ್ಲ.

ಮಳವಳ್ಳಿಯ ನಮ್ಮ ಮಾವನ ಕಾರಿಗೂ ಇದೇ ಆಯ್ತು. ವಾರಕ್ಕೊಂದು ಸಲ ಮದ್ದೂರು ರೈಲ್ವೆ ಸ್ಟೇಷನ್‌ವರೆಗೆ ಹೋಗಿಬಂದ್ರೆ ಮಿಕ್ಕ ದಿನವೆಲ್ಲಾ ಅದು ಮರದ ಕೆಳಗೇ. ಹೊಸ ಬ್ಯಾಟರಿ ಹಾಕಿಸಿ ತಿಂಗಳಾಗಿರಲಿಲ್ಲ, ಮತ್ತೆ ಟಿಕ್ ಟಿಕ್. ಈ ಸಲ ಇನ್ನೂ ದೊಡ್ಡದು ಹಾಕಿಸೋಕೆ ಹೊರಟಿದ್ರು. "ಮಾವ, ತಡೀರಿ, ಮೊದ್ಲು ಅಳೆದು ನೋಡಾಣ" ಅಂದೆ. "ನೋಡಪ್ಪ ಅಳಿಯ, ನಿಂಗೆ ಫೀಸ್ ಕಟ್ಟಿದ್ದಾದ್ರೂ ಸಾರ್ಥಕ ಆಗ್ಲಿ" ಅಂದ್ರು. ಕೀ ತೆಗೆದು, ಡೋರ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ನೆಗೆಟಿವ್ ವೈರಿನ ಸಾಲಲ್ಲಿ ಮಲ್ಟಿಮೀಟರ್ ಸೇರಿಸಿದ್ರೆ ಕಾಲು ಆಂಪಿಯರ್ ಕರೆಂಟ್ ಹರೀತಿತ್ತು. ಆಮೇಲೆ ಹಾಕಿಸಿದ್ದ ಮ್ಯೂಸಿಕ್ ಸಿಸ್ಟಂ ಆಫ್ ಆಗ್ತಾನೇ ಇರಲಿಲ್ಲ.

ಲೆಕ್ಕ ಹಾಕಿ. ಕಾಲು ಆಂಪಿಯರ್ ಅಂದ್ರೆ ದಿನಕ್ಕೆ 6 ಆಂಪಿಯರ್-ಅವರ್. 35ರ ಬ್ಯಾಟರಿ ಮೂರು ದಿನದಲ್ಲಿ ಅರ್ಧ ಖಾಲಿ. 60ರದ್ದು ಹಾಕಿಸಿದ್ರೆ? ಐದು ದಿನ. ಜಾಸ್ತಿ ಕೊಟ್ಟ ದುಡ್ಡಿಗೆ ಸಿಗೋದು ಬರೀ ಎರಡು ದಿನ! ಕಾಯಿಲೆ ಹಾಗೇ ಇರುತ್ತೆ. ಮೀಟರ್ ಹೀಗೆ ಸೇರಿಸಿರುವಾಗ ಮಾತ್ರ ಕಾರು ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರುತ್ತೆ.

ಚಾರ್ಜಿಂಗ್ ನೋಡೋದು ಇನ್ನೂ ಸುಲಭ. ರಾತ್ರಿಯೆಲ್ಲಾ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದ್ರೆ ಪೂರ್ತಿ ಚಾರ್ಜ್ ಇದೆ. 12.2 ಅಂದ್ರೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು. 13ನ್ನೂ ದಾಟಲಿಲ್ಲ ಅಂದ್ರೆ ಮೊದಲು ಆಲ್ಟರ್ನೇಟರ್, ಬೆಲ್ಟ್, ವೈರಿಂಗ್ ತೋರಿಸಿ. ಇದೆಲ್ಲಾ ಸರಿ ಇದ್ದು, ಪೂರ್ತಿ ಚಾರ್ಜ್ ಮಾಡಿದರೂ ಇಂಜಿನ್ ಎತ್ತದಿದ್ರೆ ಆಗ ಬ್ಯಾಟರಿ ಅಂಗಡಿಗೆ ಹೋಗಿ.

ಅಲ್ಲಿ ನೋಡಬೇಕಾದ್ದು ನಾಲ್ಕೇ. ಮೊದಲನೇದು ಅಳತೆ: ಕಾರಿನ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದೇ. 38ಬಿ20ಎಲ್ ಅಂತಿದ್ರೆ 20 ಅನ್ನೋದು ಸೆಂಟಿಮೀಟರಿನಲ್ಲಿ ಉದ್ದ, ಕೊನೇ ಎಲ್ ಅನ್ನೋದು ಪ್ಲಸ್ಸು ಮೈನಸ್ಸು ಯಾವ ಕಡೆ ಅನ್ನೋದನ್ನ ಹೇಳುತ್ತೆ. ಎಲ್ ಬದಲು ಆರ್ ತಂದ್ರೆ ವೈರ್ ಎಟುಕದೇ ಇರಬಹುದು. ಟ್ರೇನಲ್ಲಿ ಸರಿಯಾಗಿ ಕೂರದ ಬ್ಯಾಟರಿ ನಮ್ಮೂರ ರೋಡಿನಲ್ಲಿ ಅಲ್ಲಾಡೇ ಹಾಳಾಗುತ್ತೆ. ಎರಡನೇದು ಜಾತಿ: ಸಿಗ್ನಲ್‌ನಲ್ಲಿ ತಾನೇ ಆಫ್ ಆಗೋ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಬೇಕು, ಮಾಮೂಲಿದು ಬೇಗ ಸೋಲುತ್ತೆ. ಮೂರನೇದು ತಾರೀಕು: ಮದ್ದೂರು ವಡೆ ಬಿಸಿ ಇದೆಯಾ ಅಂತ ಕೇಳೋ ನಾವು ಬ್ಯಾಟರಿ ಯಾವ ತಿಂಗಳಿನದು ಅಂತ ಕೇಳಲ್ಲ. ಸುಮ್ನೆ ಇಟ್ಟರೂ ಅದು ಚಾರ್ಜ್ ಕಳ್ಕೊಳ್ಳುತ್ತೆ. ನಾಲ್ಕನೇದು ವಾರಂಟಿ: 24+24 ಅಂದ್ರೆ 48 ತಿಂಗಳು ಫ್ರೀ ಅಲ್ಲ. ಮೊದಲ 24 ತಿಂಗಳು ಪುಕ್ಕಟೆ ಬದಲಾವಣೆ, ಆಮೇಲಿನ 24ರಲ್ಲಿ ಹೊಸದರ ಬೆಲೇಲಿ ಸ್ವಲ್ಪ ರಿಯಾಯಿತಿ ಅಷ್ಟೇ.

ಸಿಸಿಎ ಜಾಸ್ತಿ ಇದೆ ಅಂತ ಮಾರೋಕೆ ಬಂದ್ರೆ ಒಂದು ನೆನಪಿರಲಿ: ಅದನ್ನ ಅಳೆಯೋದು ಮೈನಸ್ 18 ಡಿಗ್ರಿಯಲ್ಲಿ. ಮಂಡ್ಯದಲ್ಲಿ ಬ್ಯಾಟರಿನ ಕೊಲ್ಲೋದು ಚಳಿ ಅಲ್ಲ, ಬಿಸಿಲು. ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟಿದ್ರೆ ಸಾಕು. ಉಳಿದ ದುಡ್ಡಲ್ಲಿ ಕಾರಿಗೊಂದು ನೆರಳು ಮಾಡಿ.

ಹಳೇ ಬ್ಯಾಟರಿನ ಅಂಗಡಿಗೇ ವಾಪಸ್ ಕೊಡಿ, ಬೆಲೇಲಿ ಕಳೀತಾರೆ. ಗುಜರಿಯವರು ಎರಡು ನೋಟು ಜಾಸ್ತಿ ಕೊಟ್ಟರೂ ಬೇಡ. ಬಯಲಲ್ಲಿ ಒಡೆದು ಕರಗಿಸಿದ್ರೆ ಸೀಸ ಸೇರೋದು ಮಣ್ಣಿಗೆ, ನೀರಿಗೆ, ಕೊನೆಗೆ ಮಕ್ಕಳ ಮೈಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೇದನ್ನ ವಾಪಸ್ ಪಡೆಯೋ ಹೊಣೆಯನ್ನ ತಯಾರಕರ ಮೇಲೇ ಹಾಕಿವೆ.

ಥೆವೆನಿನ್ ಥಿಯರಂನ ಪರೀಕ್ಷೇಲಿ ಬರೆದು ಮರೆಯೋ ಬದಲು ಒಂದು ಕೆಲಸ ಮಾಡಬಹುದು. ಲ್ಯಾಬಿನ ನಾಲ್ಕು ಮೀಟರ್ ತಂದು ಒಂದು ಶನಿವಾರ ಕಾಲೇಜಿನ ಪಾರ್ಕಿಂಗ್‌ನಲ್ಲಿ ಕೂರೋಣ. ಮೇಷ್ಟ್ರ ಕಾರು, ಕ್ಯಾಂಟೀನ್ ಅಣ್ಣನ ಓಮ್ನಿ, ಯಾರು ಬಂದ್ರೂ ಸರಿ. ಒಂದು ಕಾರಿಗೆ ಹತ್ತು ನಿಮಿಷ. ಒಂದು ಮನೆಯ 5 ಸಾವಿರ ಉಳಿದ್ರೂ ಸಾಕಲ್ವಾ? ಎಲೆಕ್ಟ್ರಿಕಲ್‌ನವರೇ, ಯಾವ ಶನಿವಾರ ಅಂತ ಹೇಳಿ.