ಹೆಬ್ಬಾವಿನ ಹೆಸರಿನ ಹಬ್ಬ

"ಅಪ್ಪಾ, ಬೆಂಗಳೂರಲ್ಲಿ ಪೈಥಾನ್ ಸಮ್ಮೇಳನ ಇದೆ. ಹೋಗಿ ಬರ್ಲಾ?"

"ಯಾರು ನಡೆಸ್ತಾರೆ? ನಿಮ್ಮ ಕಾಲೇಜಿನವರಾ?"

"ಅಲ್ಲ."

"ಸರ್ಕಾರದವರಾ? ಯಾವುದಾದ್ರೂ ಕಂಪನಿಯವರಾ?"

"ಅವರೂ ಅಲ್ಲ. ಪೈಥಾನ್ ಬಳಸೋರೇ ಸೇರಿಕೊಂಡು ನಡೆಸ್ತಾರೆ."

"ಅದರಿಂದ ಅವರಿಗೇನು ಸಿಗುತ್ತೆ?"

"ದುಡ್ಡಂತೂ ಸಿಗಲ್ಲ."

"ಸರಿ, ನಿನಗೇನು ಸಿಗುತ್ತೆ?"

ಎಂಜಿನಿಯರಿಂಗ್ ಎರಡನೆಯ ವರ್ಷದ ಮಗ ಇಲ್ಲಿ ತಡವರಿಸುತ್ತಾನೆ. ಇಂಥ ಮಾತುಕತೆ ಈಗ ಹಲವು ಮನೆಗಳಲ್ಲಿ ನಡೆಯುತ್ತಿರಬಹುದು. ಅಪ್ಪನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಪ್ರವೇಶ ಶುಲ್ಕ, ಬಸ್ ಚಾರ್ಜು, ಎರಡು ದಿನದ ಊಟ-ವಸತಿ ಎಲ್ಲವೂ ಅವನ ಜೇಬಿನಿಂದಲೇ ಹೋಗಬೇಕು. ಆದ್ದರಿಂದ ಈ ಸಮ್ಮೇಳನ ಎಂಥದ್ದು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಪೈಥಾನ್ ಎಂದರೆ ಹೆಬ್ಬಾವು, ನಿಜ. ಆದರೆ ಈ ಕಂಪ್ಯೂಟರ್ ಭಾಷೆಗೆ ಹೆಸರು ಬಂದಿದ್ದು ಹಾವಿನಿಂದಲ್ಲ, ಬ್ರಿಟನ್ನಿನ ಬಿಬಿಸಿ ಪ್ರಸಾರ ಮಾಡುತ್ತಿದ್ದ 'ಮಾಂಟಿ ಪೈಥಾನ್' ಎಂಬ ನಗೆ ಕಾರ್ಯಕ್ರಮದಿಂದ. 1989ರ ಡಿಸೆಂಬರಿನಲ್ಲಿ, ಆಮ್‌ಸ್ಟರ್‌ಡಾಮಿನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಗೀಡೊ ವಾನ್ ರಾಸಮ್ ಕ್ರಿಸ್‌ಮಸ್ ರಜೆ ಕಳೆಯಲೆಂದು ಈ ಭಾಷೆಯ ಕೆಲಸ ಆರಂಭಿಸಿದರು. 1991ರ ಫೆಬ್ರವರಿಯಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇಂದಿಗೂ ಅದಕ್ಕೆ ಬೆಲೆ ಕಟ್ಟಬೇಕಾಗಿಲ್ಲ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಸಿಬಿಎಸ್‌ಇ ಹನ್ನೊಂದು-ಹನ್ನೆರಡನೆಯ ತರಗತಿಗಳ ಕಂಪ್ಯೂಟರ್ ವಿಜ್ಞಾನದಲ್ಲಿ ಮಕ್ಕಳು ಕಲಿಯುವುದು ಇದೇ ಭಾಷೆಯನ್ನು.

ಮಾಲೀಕನಿಲ್ಲದ ಭಾಷೆ ಬೆಳೆಯುವುದು ಹೇಗೆ? ಬಳಸುವವರು ಆಗಾಗ ಎದುರುಬದುರು ಕೂತು ಮಾತಾಡಬೇಕು. 1994ರ ನವೆಂಬರಿನಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಮೊದಲ ಬಾರಿಗೆ ಹಾಗೆ ಕೂತಾಗ ಇದ್ದವರು ಸುಮಾರು ಇಪ್ಪತ್ತು ಜನ. 2003ರಲ್ಲಿ ವಾಷಿಂಗ್ಟನ್ ನಗರದಲ್ಲಿ 'ಪೈಕಾನ್' ಎಂಬ ಹೆಸರಿನಲ್ಲಿ ಮೊದಲ ಸಮ್ಮೇಳನ ನಡೆಯಿತು. ಆಮೇಲೆ ದೇಶ ದೇಶಗಳಲ್ಲಿ ಪೈಕಾನ್‌ಗಳು ಹುಟ್ಟಿಕೊಂಡವು. ಭಾರತದ ಮೊದಲ ಪೈಕಾನ್ ಸೇರಿದ್ದು ನಮ್ಮ ಬೆಂಗಳೂರಿನಲ್ಲೇ, 2009ರ ಸೆಪ್ಟೆಂಬರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಬಳಿಕ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈಗಳನ್ನೂ ಸುತ್ತಿತು. ಕೊರೋನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ಕಂಪ್ಯೂಟರ್ ಪರದೆಯ ಮೇಲೇ ನಡೆಯಿತು. ತಪ್ಪಲಿಲ್ಲ!

ಇದರ ಹಿಂದೆ ಲಾಭದ ಉದ್ದೇಶವಿಲ್ಲದ ಒಂದು ಸೊಸೈಟಿ ಇದೆ. ಆದರೆ ಸಂಬಳಕ್ಕೆ ದುಡಿಯುವ ಆಯೋಜಕರಿಲ್ಲ. ಹಗಲು ಬೇರೆ ನೌಕರಿ ಮಾಡುವವರು, ಪಾಠ ಹೇಳುವವರು, ಓದುವ ಹುಡುಗ ಹುಡುಗಿಯರು ಸಂಜೆ ಮತ್ತು ಭಾನುವಾರಗಳನ್ನು ಇದಕ್ಕೆ ಕೊಡುತ್ತಾರೆ. ಸಭಾಂಗಣ ಗೊತ್ತುಮಾಡುವುದು, ಪ್ರಾಯೋಜಕರ ಬಾಗಿಲು ತಟ್ಟುವುದು, ಊಟದವರ ಜತೆ ಚೌಕಾಸಿ, ಮೈಕು ಕೈಕೊಟ್ಟರೆ ಓಡುವುದು ಎಲ್ಲವೂ ಅವರದೇ. ಊರ ಗಣೇಶೋತ್ಸವ ನಡೆಸಿದವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಹಬ್ಬ ಮುಗಿದು ಪೆಂಡಾಲು ಬಿಚ್ಚುವಾಗ ಉಳಿಯುವವರು ನಾಲ್ಕೇ ಜನ!

ಇನ್ನು ಭಾಷಣಗಳು. ಯಾರನ್ನು ವೇದಿಕೆ ಹತ್ತಿಸಬೇಕೆಂದು ಯಾವ ಅಧ್ಯಕ್ಷರೂ ಒಬ್ಬರೇ ತೀರ್ಮಾನಿಸುವುದಿಲ್ಲ. ತಿಂಗಳುಗಳ ಮೊದಲೇ ಬಹಿರಂಗ ಕರೆ ಹೊರಡುತ್ತದೆ. ಯಾರು ಬೇಕಾದರೂ ತಮ್ಮ ವಿಷಯವನ್ನು ಬರೆದು ಕಳಿಸಬಹುದು. ಬಲ್ಲವರು ಅದನ್ನು ಓದಿ, ಇದು ಅಸ್ಪಷ್ಟ, ಇಲ್ಲೊಂದು ಉದಾಹರಣೆ ಬೇಕು ಎಂದು ಟೀಕಿಸುತ್ತಾರೆ. ಬಂದವುಗಳಲ್ಲಿ ಆಯ್ಕೆಯಾಗುವುದು ಕೆಲವು ಮಾತ್ರ. ಪೈಥಾನ್ ಭಾಷೆಗೆ ಹೊಸದೇನಾದರೂ ಸೇರಿಸಬೇಕಾದಾಗಲೂ ಹೀಗೆಯೇ: ಪ್ರಸ್ತಾವವನ್ನು ಬರೆದು ಎಲ್ಲರ ಮುಂದಿಡಬೇಕು, ಆಕ್ಷೇಪಗಳಿಗೆ ಉತ್ತರಿಸಬೇಕು. ಹತ್ತೊಂಬತ್ತರ ಹುಡುಗಿಯೊಬ್ಬಳ ಪ್ರಸ್ತಾವ ಬಿದ್ದುಹೋಯಿತು ಎಂದಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಬಿದ್ದರೆ ಅಂಕ ಮಾತ್ರ ತಿಳಿಯುತ್ತದೆ. ಇಲ್ಲಿ ಬಂದ ಟೀಕೆ ಓದಿದರೆ ಬಿದ್ದದ್ದು ಏಕೆ ಎಂಬುದೂ ತಿಳಿಯುತ್ತದೆ. ಮುಂದಿನ ವರ್ಷಕ್ಕೆ ಅದೇ ಪಾಠ.

ಉದ್ದ ಭಾಷಣಕ್ಕೆ ಧೈರ್ಯ ಸಾಲದವರಿಗೆ ಐದೇ ನಿಮಿಷದ ಮಿಂಚು ಭಾಷಣಗಳಿವೆ. ಸಮ್ಮೇಳನದ ಜಾಗದಲ್ಲೇ ಹೆಸರು ಕೊಟ್ಟರಾಯಿತು. ಐದನೆಯ ನಿಮಿಷ ಮುಗಿಯುತ್ತಲೇ ಚಪ್ಪಾಳೆ ಬೀಳುತ್ತದೆ, ಮಾತಾಡುವವರು ಎಷ್ಟೇ ದೊಡ್ಡವರಾದರೂ ಇಳಿಯಲೇಬೇಕು. ಇನ್ನೊಂದು ಕಡೆ, ಅನುಭವಿಗಳ ಪಕ್ಕದಲ್ಲಿ ಕೂತು ಬಳಕೆಯಲ್ಲಿರುವ ತಂತ್ರಾಂಶದ ಸಣ್ಣ ದೋಷವೊಂದನ್ನು ತಿದ್ದುವ ಅವಕಾಶ. ವಿವರಣೆಯಲ್ಲಿ ಉಳಿದ ಒಂದು ತಪ್ಪನ್ನು ಸರಿಪಡಿಸಿದರೂ ಅದು ನಿಜವಾದ ಕೆಲಸ. ಅದನ್ನು ಮಾಡಿದವರು ಯಾವ ಕಾಲೇಜು, ಎಷ್ಟು ಶೇಕಡ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಾಗೆಂದು ಎಲ್ಲವೂ ಹೂವಿನ ಹಾದಿಯಲ್ಲ. ಭಾಷಣಗಳು ಬಹುತೇಕ ಇಂಗ್ಲಿಷಿನಲ್ಲಿ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿ ಮೊದಲ ದಿನ ಮೂಲೆಯಲ್ಲಿ ಮುದುಡಿ ಕೂತರೆ ಅಚ್ಚರಿಯಿಲ್ಲ. ಕಂಪನಿಗಳ ಮಳಿಗೆಗಳಲ್ಲಿ ಅಂಗಿ, ಸ್ಟಿಕ್ಕರುಗಳನ್ನು ಬಾಚಿಕೊಂಡು, ನಾಲ್ಕು ಫೋಟೋ ತೆಗೆಸಿಕೊಂಡು ಮರಳುವವರೂ ಇದ್ದಾರೆ. ಅಂಥವರ ಅಪ್ಪಂದಿರು ಬಸ್ ಚಾರ್ಜು ಉಳಿಸಿಕೊಂಡಿದ್ದರೇ ಚೆನ್ನಾಗಿತ್ತು.

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಸಂಬಳವಿಲ್ಲದ ಕೆಲಸ ಎಂದರೆ ಖರ್ಚಿಲ್ಲದ ಕೆಲಸವಲ್ಲ. ಅದನ್ನು ಯಾರೋ ತಮ್ಮ ನಿದ್ದೆಯಿಂದ, ಮನೆಯವರ ಜತೆಗಿನ ಭಾನುವಾರಗಳಿಂದ ತೆರುತ್ತಾರೆ. ಅದೇ ನಾಲ್ಕು ಜನ ವರ್ಷವರ್ಷವೂ ಹೊತ್ತರೆ ಹೆಗಲು ಸೋಲುತ್ತದೆ. ಭಾರತದ ಪೈಥಾನ್ ಸೊಸೈಟಿಯನ್ನು ಕಟ್ಟಿ ಅದರ ಮೊದಲ ಅಧ್ಯಕ್ಷರಾಗಿದ್ದ ಕೆನೆತ್ ಗೊನ್ಸಾಲ್ವೆಸ್ 2012ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಒಂದು ಪ್ರಶಸ್ತಿ ಇದೆ. ಆದರೆ ಅಂಥವರು ಹೋದ ಮೇಲೂ ಸಮ್ಮೇಳನ ನಿಲ್ಲದಿರುವುದಕ್ಕೆ ಕಾರಣ ಪ್ರಶಸ್ತಿಯಲ್ಲ. ಒಂದು ವರ್ಷ ಹಿಂದಿನ ಸಾಲಿನಲ್ಲಿ ಕೂತು ಕೇಳಿದ ಹುಡುಗ ಹುಡುಗಿಯರು ಮತ್ತೊಂದು ವರ್ಷ ಬಾಗಿಲಲ್ಲಿ ನಿಂತು ಬಿಲ್ಲೆ ಹಂಚಿದರು, ಇನ್ನೊಂದು ವರ್ಷ ಲೆಕ್ಕ ಬರೆದರು. ಸಮ್ಮೇಳನ ಉಳಿದಿದ್ದು ಹೀಗೆ.

ಅಪ್ಪನ ಪ್ರಶ್ನೆಗೆ ಮಗ ಕೊಡಬಹುದಾದ ಉತ್ತರವೂ ಇಲ್ಲೇ ಇದೆ. ಕೆಲಸ ಖಂಡಿತ ಸಿಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಸಿಗುವುದು ಇಷ್ಟು: ತನಗಿಂತ ಹೆಚ್ಚು ಬಲ್ಲವರ ಪಕ್ಕದಲ್ಲಿ ಕೂರುವ ಅವಕಾಶ, ಗೊತ್ತಿಲ್ಲ ಎಂದು ಒಪ್ಪಿಕೊಂಡು ಕೇಳುವ ಧೈರ್ಯ, ನಾಲ್ಕು ಜನರಿಗೆ ಉಪಯೋಗವಾಗುವ ಸಣ್ಣದೊಂದು ಹೊಣೆ. ಕಾಲೇಜಿನ ಪಠ್ಯಕ್ರಮದಲ್ಲಿ ಇವಕ್ಕೆ ಅಂಕವಿಲ್ಲ. ಅದಕ್ಕೇ ಅಲ್ಲಿ ಕಲಿಯುವುದು ಕಷ್ಟ.

ಹೊರಡುವ ವಿದ್ಯಾರ್ಥಿಗಳು ವೇಳಾಪಟ್ಟಿಯನ್ನು ಮೊದಲೇ ಓದಿ, ಕೇಳಬೇಕಾದ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಲಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ವಿಚಾರಿಸಲಿ. ಸ್ವಯಂಸೇವಕರು ಬೇಕು ಎಂಬ ಕರೆ ಬಂದಾಗ ಹೆಸರು ಕೊಡಲಿ. ಇನ್ನು ಅಪ್ಪ ಅಮ್ಮಂದಿರು, ಮಕ್ಕಳು ಮರಳಿದ ದಿನ "ಸರ್ಟಿಫಿಕೇಟ್ ಎಲ್ಲಿ?" ಎನ್ನದೆ "ಯಾರನ್ನು ಏನು ಕೇಳಿದೆ?" ಎಂದು ವಿಚಾರಿಸಿದರೆ ಸಾಕು. ಬಸ್ ಚಾರ್ಜು ದಂಡವಾಯಿತೋ ಇಲ್ಲವೋ ಎಂಬುದು ಅದರ ಉತ್ತರದಲ್ಲೇ ಗೊತ್ತಾಗುತ್ತದೆ.